ಬಾಗಿಲು ಹಾಕಿಕೊಂಡು ಹಾಡಿದ ಹಾಡುಗಳು

ಅಮೆರಿಕದ ಟೆನೆಸಿ ರಾಜ್ಯದ ನ್ಯಾಶ್‌ವಿಲ್ ನಗರದಲ್ಲಿ, 1870ರ ಆಸುಪಾಸಿನಲ್ಲಿ, ಒಂದು ಕ್ರೈಸ್ತ ಕಾಲೇಜಿನ ಕೆಲವು ವಿದ್ಯಾರ್ಥಿಗಳು ತಮ್ಮ ಸಂಗೀತದ ಮೇಷ್ಟ್ರ ಕೋಣೆಯಲ್ಲಿ ಸೇರುತ್ತಿದ್ದರು. ಬಾಗಿಲು, ಕಿಟಕಿಗಳನ್ನು ಭದ್ರವಾಗಿ ಮುಚ್ಚಲಾಗುತ್ತಿತ್ತು. ಕುರ್ಚಿಗಳು ಸಾಲದೆ ಹೆಚ್ಚಿನವರು ನೆಲದ ಮೇಲೆ ಕೂರುತ್ತಿದ್ದರು. ಅಲ್ಲಿ ಅವರು ಮೆಲುದನಿಯಲ್ಲಿ ಒಬ್ಬರಿಂದೊಬ್ಬರು ಕಲಿಯುತ್ತಿದ್ದದ್ದು ಅಪ್ಪ ಅಮ್ಮಂದಿರು ಗುಲಾಮಗಿರಿಯ ಕಾಲದಲ್ಲಿ ಹಾಡಿಕೊಂಡಿದ್ದ ಭಕ್ತಿಗೀತೆಗಳನ್ನು. ಕದ್ದು ಮಾಡುವ ಕೆಲಸವೇನೂ ಅದಾಗಿರಲಿಲ್ಲ. ಆದರೂ ಬಾಗಿಲು ಹಾಕಿಕೊಳ್ಳಬೇಕೆನಿಸಿತ್ತು. ಆ ಕೋಣೆಯಲ್ಲಿದ್ದ ಎಲ್ಲಾ ಶೆಪರ್ಡ್ ಎಂಬಾಕೆ ಮುಂದೆ ಇದಕ್ಕೆ ಎರಡು ಕಾರಣ ಕೊಟ್ಟಿದ್ದಾಳೆ. ಆ ಹಾಡುಗಳು ಮರೆಯಬೇಕಾದ ಕತ್ತಲ ಕಾಲಕ್ಕೆ ಸೇರಿದ್ದವು, ಜೊತೆಗೆ ಹೆತ್ತವರ ಪ್ರಾರ್ಥನೆಗಳೂ ಆಗಿದ್ದವು. ಅಂದರೆ ನಾಚಿಕೆ ಮತ್ತು ಗೌರವ ಎರಡೂ ಒಟ್ಟಿಗೆ.

ಆ ಕಾಲೇಜೇ ಫಿಸ್ಕ್. ಅಂತರ್ಯುದ್ಧ ಮುಗಿದ ಮರುವರ್ಷ, 1866ರ ಜನವರಿಯಲ್ಲಿ, ಅಮೆರಿಕನ್ ಮಿಶನರಿ ಅಸೋಸಿಯೇಶನ್ನಿನವರು ಸೈನ್ಯ ಬಿಟ್ಟುಹೋದ ಆಸ್ಪತ್ರೆಯ ಮರದ ಷೆಡ್ಡುಗಳಲ್ಲಿ ಇದನ್ನು ತೆರೆದರು. ಏಳು ವರ್ಷದ ಮಕ್ಕಳಿಂದ ಎಪ್ಪತ್ತರ ಮುದುಕರವರೆಗೆ ಜನ ಅಕ್ಷರ ಕಲಿಯಲು ಬಂದರು. ಅಲ್ಲಿಯ ತನಕ ದಕ್ಷಿಣದ ಅನೇಕ ರಾಜ್ಯಗಳಲ್ಲಿ ಗುಲಾಮನಿಗೆ ಓದು ಕಲಿಸುವುದೇ ಅಪರಾಧವಾಗಿತ್ತು. ಪುಸ್ತಕಗಳಿಗೆ ದುಡ್ಡಿಲ್ಲದಾಗ, ಗುಲಾಮರನ್ನು ಮಾರುತ್ತಿದ್ದ ದೊಡ್ಡಿಯಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಕೈಕೋಳ, ಕಾಲ್ಸಂಕೋಲೆಗಳನ್ನು ಗುಜರಿಗೆ ಮಾರಿ ಬೈಬಲ್ಲುಗಳನ್ನೂ ಕಾಗುಣಿತದ ಪುಸ್ತಕಗಳನ್ನೂ ಕೊಂಡರಂತೆ. ಕತೆ ಕಟ್ಟುವವನಿಗೂ ಹೊಳೆಯದ ಸಂಗತಿ ಇದು.

ಕಾಲೇಜಿನ ಖಜಾಂಚಿ ಜಾರ್ಜ್ ವೈಟ್. ನ್ಯೂಯಾರ್ಕ್ ರಾಜ್ಯದ ಕಮ್ಮಾರನೊಬ್ಬನ ಮಗ, ಬಿಳಿಯ, ಯುದ್ಧದಲ್ಲಿ ಉತ್ತರದ ಪರವಾಗಿ ಹೋರಾಡಿದವನು. ಸಂಗೀತದಲ್ಲಿ ದೊಡ್ಡ ಶಿಕ್ಷಣವೇನೂ ಇರಲಿಲ್ಲ. ಕಿವಿ ಮಾತ್ರ ಅಸಾಧಾರಣವಾಗಿತ್ತು. ಲೆಕ್ಕ ಬರೆದು ಉಳಿದ ಹೊತ್ತಿನಲ್ಲಿ ಹಾಡು ಕಲಿಸುತ್ತಿದ್ದ. ಕಲಿಸುತ್ತಿದ್ದದ್ದು ಅಂದಿನ ಕ್ರೈಸ್ತ ಶಾಲೆಗಳಲ್ಲಿ ಸಂಗೀತವೆಂದು ಒಪ್ಪಿತವಾಗಿದ್ದುದನ್ನೇ: ನಾಲ್ಕು ದನಿಗಳ ಬಿಳಿಯರ ಚರ್ಚ್ ಗೀತೆಗಳು, ಪಾನನಿರೋಧದ ಹಾಡುಗಳು, ಎಸ್ತರ್ ರಾಣಿಯ ಕಥೆಯ ಕ್ಯಾಂಟಾಟಾ. ಗುಲಾಮರ ಮಕ್ಕಳು ಇವನ್ನೆಲ್ಲ ಬಲುಬೇಗ ಕಲಿತರು. ಪಾಠದ ಪಟ್ಟಿಯಲ್ಲಿ ಅವರ ಮನೆಯ ಹಾಡಿಗೆ ಜಾಗವಿರಲಿಲ್ಲ. ಇಷ್ಟಕ್ಕೂ ಅದನ್ನು ಸಂಗೀತವೆಂದು ಕರೆಯಲು ಆ ಮಕ್ಕಳಿಗೇ ಧೈರ್ಯವಿರಲಿಲ್ಲ.

ಎಲ್ಲಾ ಶೆಪರ್ಡಳ ಬದುಕನ್ನು ಇಲ್ಲಿ ಸ್ವಲ್ಪ ಹೇಳಬೇಕು. 1851ರಲ್ಲಿ ಗುಲಾಮಳಾಗಿಯೇ ಹುಟ್ಟಿದವಳು. ಸ್ವತಂತ್ರನಾಗಿದ್ದ ತಂದೆ ಹಣ ಕೊಟ್ಟು ಮಗಳನ್ನು ಬಿಡಿಸಿಕೊಂಡ. ಹೆಂಡತಿಯನ್ನು ಬಿಡಿಸಿಕೊಳ್ಳಲು ಆಗಲಿಲ್ಲ. ಮುಂದೆ ಸಾಲಗಾರರಿಗೆ ಹೆದರಿ ಮಗಳೊಂದಿಗೆ ಸಿನ್ಸಿನಾಟಿಗೆ ಓಡಿಹೋದ. ಅಲ್ಲಿ ಹುಡುಗಿಗೆ ಪಿಯಾನೊ ಕಲಿಯುವ ಆಸೆ. ಬಿಳಿಯ ಶಿಕ್ಷಕಿಯೊಬ್ಬಳು ಒಪ್ಪಿದಳು, ಆದರೆ ಷರತ್ತಿನ ಮೇಲೆ: ಯಾರಿಗೂ ಹೇಳಕೂಡದು, ರಾತ್ರಿ ಒಂಬತ್ತರ ಮೇಲೆ ಹಿತ್ತಲ ಬಾಗಿಲಿನಿಂದ ಬರಬೇಕು. ಹಾಗೆ ಸಿಕ್ಕಿದ್ದು ಹನ್ನೆರಡು ಪಾಠ. ತಂದೆ ಕಾಲರಾದಲ್ಲಿ ತೀರಿಕೊಂಡ ಮೇಲೆ, ಕೈಯಲ್ಲಿ ಆರು ಡಾಲರ್ ಹಿಡಿದುಕೊಂಡು 1868ರಲ್ಲಿ ಫಿಸ್ಕಿಗೆ ಬಂದಳು. ಕೆಲಕಾಲದಲ್ಲೇ ಅಲ್ಲಿ ಸಂಗೀತ ಕಲಿಸತೊಡಗಿದಳು. ಆ ಕಾಲೇಜಿನ ಮೊದಲ ಕರಿಯ ಶಿಕ್ಷಕಿ ಆಕೆ. ಹಿತ್ತಲ ಬಾಗಿಲಿನಿಂದ ಸಂಗೀತದೊಳಗೆ ಬಂದವಳು ತನ್ನದೇ ಹಾಡಿಗೆ ಮುಂಬಾಗಿಲು ತೆರೆಯಲು ಹಿಂಜರಿದದ್ದರಲ್ಲಿ ಆಶ್ಚರ್ಯವೇನಿದೆ?

1871ರ ಹೊತ್ತಿಗೆ ಷೆಡ್ಡುಗಳು ಕೊಳೆಯುತ್ತಿದ್ದವು, ಸಾಲ ಬೆಳೆದಿತ್ತು, ಕಾಲೇಜು ಮುಚ್ಚುವ ಮಾತು ನಡೆದಿತ್ತು. ಹಾಡಿ ಹಣ ತರುತ್ತೇನೆಂದು ವೈಟ್ ಹೊರಟ. ಮಿಶನರಿ ಸಂಸ್ಥೆ ಬೆಂಬಲಿಸಲಿಲ್ಲ. ಖಜಾನೆಯಲ್ಲಿ ಉಳಿದ ಚಿಲ್ಲರೆಯನ್ನು ಬಳಿದುಕೊಂಡು, ಅಕ್ಟೋಬರ್ 6ರಂದು ಒಂಬತ್ತು ಹಾಡುಗಾರರೊಂದಿಗೆ ಆತ ರೈಲು ಹತ್ತಿದ. ಅವರಲ್ಲಿ ಹೆಚ್ಚಿನವರು ಗುಲಾಮರಾಗಿ ಹುಟ್ಟಿದವರು. ಬೆಂಜಮಿನ್ ಹೋಮ್ಸ್ ಎಂಬಾತ, ಮಾರಾಟಕ್ಕೆ ಕೂಡಿಹಾಕಿದ್ದ ಸೆರೆಯಲ್ಲಿದ್ದಾಗಲೇ, ಲಿಂಕನ್ನನ ವಿಮೋಚನಾ ಘೋಷಣೆಯನ್ನು ಜೊತೆಯವರಿಗೆ ಗಟ್ಟಿಯಾಗಿ ಓದಿ ಹೇಳಿದ್ದವನು. ಹೊರಟ ಎರಡೇ ದಿನಕ್ಕೆ ಶಿಕಾಗೋ ನಗರಕ್ಕೆ ಬೆಂಕಿ ಬಿತ್ತು. ತಮಗೇ ಊಟಕ್ಕೆ ಕಷ್ಟವಿದ್ದರೂ, ಒಂದು ಕಛೇರಿಯ ಗಳಿಕೆಯನ್ನು ಅವರು ಬೆಂಕಿಯಲ್ಲಿ ನೊಂದವರಿಗೆ ಕೊಟ್ಟುಬಿಟ್ಟರು. ಹೋಟೆಲುಗಳಲ್ಲಿ ಕೋಣೆ ಸಿಗುತ್ತಿರಲಿಲ್ಲ. ಕೊಲಂಬಸ್ ಊರಿನಲ್ಲಿ ಪ್ರಾರ್ಥನೆಯಲ್ಲಿ ರಾತ್ರಿ ಕಳೆದು ವೈಟ್ ತಂಡಕ್ಕೊಂದು ಹೆಸರಿಟ್ಟ: ಜುಬಿಲಿ ಸಿಂಗರ್ಸ್. ಬೈಬಲ್ಲಿನ ಹಳೆಯ ಒಡಂಬಡಿಕೆಯಲ್ಲಿ ಜುಬಿಲಿ ಎಂದರೆ ಐವತ್ತನೇ ವರ್ಷ, ದಾಸರು ಬಿಡುಗಡೆಗೊಂಡು ಮನೆಗೆ ಮರಳುವ ವರ್ಷ.

ಮೊದಮೊದಲು ಅವರು ಹಾಡಿದ್ದು ಕಲಿತ ಪಾಠವನ್ನೇ. ಬಿಳಿಯರ ಹಾಡನ್ನು ಬಿಳಿಯರಂತೆ ಹಾಡುವ ಕರಿಯರು ಜನರಿಗೆ ವಿಚಿತ್ರವಾಗಿ ಕಂಡರೇ ಹೊರತು ಯಾರ ಮನಸ್ಸೂ ಕರಗಲಿಲ್ಲ. ಅದೇ ನವೆಂಬರಿನಲ್ಲಿ ಒಬರ್ಲಿನ್ ಪಟ್ಟಣದಲ್ಲಿ ಪಾದ್ರಿಗಳ ರಾಷ್ಟ್ರೀಯ ಸಭೆಯ ಮುಂದೆ ಅವರು ‘ಸ್ಟೀಲ್ ಅವೇ’ ಹಾಡಿದರು. ಬಾಗಿಲು ಹಾಕಿಕೊಂಡು ಕಲಿತ ಹಾಡು ಅದು. ಸಭೆ ಸ್ತಬ್ಧವಾಯಿತು. ಅಲ್ಲಿಂದ ಮುಂದೆ, ಕೊನೆಯಲ್ಲಿ ಒಂದೆರಡಾಗಿ ಬರುತ್ತಿದ್ದ ಗುಲಾಮರ ಹಾಡುಗಳೇ ಕಾರ್ಯಕ್ರಮದ ಮುಖ್ಯ ಭಾಗವಾದವು. ಮೊದಲ ಪ್ರವಾಸದಲ್ಲಿ 20,000 ಡಾಲರ್ ಬಂತು. 1873ರಲ್ಲಿ ಬ್ರಿಟನ್ನಿನಲ್ಲಿ ವಿಕ್ಟೋರಿಯಾ ರಾಣಿಯ ಮುಂದೆ ಹಾಡಿದರು. ಆ ಹಣದಿಂದ ಕಟ್ಟಿದ ಜುಬಿಲಿ ಹಾಲ್ 1876ರ ಜನವರಿ 1ರಂದು ತೆರೆಯಿತು. ಪಠ್ಯದಲ್ಲಿಲ್ಲದ ಹಾಡು ಕಾಲೇಜನ್ನು ಉಳಿಸಿತು.

ಇಲ್ಲಿಗೇ ನಿಲ್ಲಿಸಿದರೆ ಚೆಂದದ ಕತೆ. ಆದರೆ ಹಾಡು ಕೋಣೆಯಿಂದ ವೇದಿಕೆಗೆ ಬರುವಾಗ ಏನೇನು ಕಳಚಿಕೊಂಡಿತು ಎಂಬುದನ್ನೂ ಕೇಳಬೇಕು. ಗುಲಾಮರು ಈ ಹಾಡುಗಳನ್ನು ಸಾಲಾಗಿ ನಿಂತು ಹಾಡುತ್ತಿರಲಿಲ್ಲ. ದುಂಡಗೆ ಸುತ್ತುತ್ತ, ಕಾಲೆಳೆಯುತ್ತ, ಚಪ್ಪಾಳೆ ತಟ್ಟುತ್ತ, ಒಬ್ಬ ಎತ್ತಿದ್ದನ್ನು ಉಳಿದವರು ತಮಗೆ ತೋಚಿದ ದನಿಯಲ್ಲಿ ಹಿಡಿಯುತ್ತ ಹಾಡುತ್ತಿದ್ದರು. ‘ರಿಂಗ್ ಶೌಟ್’ ಎಂಬ ಈ ಆಚರಣೆಯನ್ನು ಬಿಳಿಯರಷ್ಟೇ ಅಲ್ಲ, ಡೇನಿಯಲ್ ಪೇನ್‌ನಂತಹ ಕರಿಯ ಬಿಷಪ್ಪರೂ ಅನಾಗರಿಕವೆಂದು ಜರೆದಿದ್ದರು. ವೈಟ್ ಇದಕ್ಕೆಲ್ಲ ಒಪ್ಪ ಹಾಕಿದ. ದನಿಗಳು ಒಂದಾಗಬೇಕು, ಉಚ್ಚಾರ ಸ್ಪಷ್ಟವಿರಬೇಕು, ಪಿಸುದನಿಯೂ ಸಭಾಂಗಣದ ಕೊನೆಗೆ ಮುಟ್ಟಬೇಕು. ದೇಹ ಅಲ್ಲಾಡಬಾರದು. 1934ರಲ್ಲಿ ಲೇಖಕಿ ಜೋರಾ ನೀಲ್ ಹರ್ಸ್ಟನ್, ಕಛೇರಿಗಳಲ್ಲಿ ಕೇಳಿಬರುವುದು ನಿಜವಾದ ಸ್ಪಿರಿಚುವಲ್ ಗೀತೆಗಳೇ ಅಲ್ಲ, ಅವುಗಳನ್ನು ಆಧರಿಸಿದ ಬೇರೇನೋ ಎಂದು ಖಂಡತುಂಡವಾಗಿ ಬರೆದಳು. ಅವಳ ಮಾತು ನಿಜ. ಆದರೆ ಅದನ್ನು 1871ರ ಆ ಒಂಬತ್ತು ಮಂದಿಯ ಮೇಲೆ ಹೊರಿಸಲು ನನಗೆ ಮನಸ್ಸು ಬಾರದು. ಮುಖಕ್ಕೆ ಮಸಿ ಬಳಿದುಕೊಂಡ ಬಿಳಿಯರು ಕರಿಯರನ್ನು ಅಣಕಿಸುವ ಮಿನ್‌ಸ್ಟ್ರೆಲ್ ಆಟಗಳು ಊರೂರಲ್ಲಿ ನಡೆಯುತ್ತಿದ್ದ ಕಾಲವದು. ಅಲುಗಾಡದೆ ನಿಂತು ಹಾಡಿದ್ದೇ ಅವರ ಮರ್ಯಾದೆಯಾಗಿತ್ತು.

ಈ ಹಾಡುಗಳ ಬೇರು ಕ್ರೈಸ್ತಧರ್ಮದಾಚೆಗೂ ಇರಬಹುದು. ಆಫ್ರಿಕದಿಂದ ಹಿಡಿದು ತಂದವರಲ್ಲಿ ಮುಸ್ಲಿಮರೂ ಇದ್ದರು. ಒಮರ್ ಇಬ್ನ್ ಸಯೀದ್ ಉತ್ತರ ಕೆರೊಲಿನಾದಲ್ಲಿ ಗುಲಾಮನಾಗಿದ್ದಾಗಲೇ, 1831ರಲ್ಲಿ, ತನ್ನ ಕತೆಯನ್ನು ಅರಬ್ಬಿಯಲ್ಲಿ ಬರೆದಿಟ್ಟ. ಹೊಲಗಳಲ್ಲಿ ಒಬ್ಬಂಟಿಯಾಗಿ ಎಳೆದು ಹಾಡುತ್ತಿದ್ದ ಕೂಗುಗಳಲ್ಲಿ ಅಝಾನಿನ, ಕುರ್‌ಆನ್ ಪಠಣದ ಛಾಯೆಯನ್ನು ಸಿಲ್ವಿಯಾನ್ ದಿಯುಫ್‌ರಂತಹ ಇತಿಹಾಸಕಾರರು ಗುರುತಿಸಿದ್ದಾರೆ. ಇದು ಒಂದು ವಾದ; ಅದನ್ನು ಕೇಳಿ ನಾವು ಬೀಗಬೇಕಾಗಿಲ್ಲ.

ತಂಡದ ಇನ್ನೊಬ್ಬ ಮುಖ್ಯ ಹಾಡುಗಾರ ಫ್ರೆಡರಿಕ್ ಲೌಡಿನ್ ಗುಲಾಮನಾಗಿರಲಿಲ್ಲ. ಒಹಾಯೊದಲ್ಲಿ ಸ್ವತಂತ್ರನಾಗಿಯೇ ಹುಟ್ಟಿದವನು. ತಾನು ಸದಸ್ಯನಾಗಿದ್ದ, ತನ್ನ ಗಳಿಕೆಯಿಂದ ಕಾಣಿಕೆ ಸಲ್ಲಿಸುತ್ತಿದ್ದ ಮೆಥಡಿಸ್ಟ್ ಚರ್ಚಿನ ಗಾಯನ ವೃಂದ ಅವನನ್ನು ಸೇರಿಸಿಕೊಳ್ಳಲಿಲ್ಲ. ಕಂಠ ಚೆನ್ನಾಗಿತ್ತು, ಚರ್ಮ ಕಪ್ಪಗಿತ್ತು. 1875ರಲ್ಲಿ ಜುಬಿಲಿ ತಂಡ ಸೇರಿದ ಅವನು ಮುಂದೆ ತನ್ನದೇ ತಂಡ ಕಟ್ಟಿ 1884ರಿಂದ ಆರು ವರ್ಷ ಲೋಕ ಸುತ್ತಿದ. ಆ ಸುತ್ತಾಟದಲ್ಲಿ ಭಾರತಕ್ಕೂ ಬಂದ ತಂಡ ಆಗ್ರಾದ ತಾಜ್‌ಮಹಲಿನೊಳಗೆ ನಿಂತು ಹಾಡಿತು. ತನ್ನ ಊರಿನ ಚರ್ಚಿನಲ್ಲಿ ಹಾಡಲು ಬಿಡದವನ ದನಿ ಮುಮ್ತಾಜಳ ಗೋರಿಯ ಮೇಲಿನ ಗುಮ್ಮಟದಲ್ಲಿ ಮೊಳಗಿತು.

ಅಮೆರಿಕದ ದೊಡ್ಡ ಚರ್ಚುಗಳು ಈ ಹಾಡುಗಳನ್ನು ಒಳಗೆ ಬಿಟ್ಟುಕೊಂಡದ್ದು ತೀರ ತಡವಾಗಿ. ಎಪಿಸ್ಕೊಪಲ್ ಚರ್ಚಿನ ಗೀತಸಂಗ್ರಹದಲ್ಲಿ ‘ವರ್ ಯು ದೇರ್’ ಕಾಣಿಸಿಕೊಂಡದ್ದು 1940ರಲ್ಲಿ. ಫಿಸ್ಕಿನಲ್ಲಂತೂ ಅಷ್ಟರಲ್ಲಿ ಒಂದು ಪರಂಪರೆಯೇ ಬೆಳೆದಿತ್ತು. ಅಲ್ಲಿ ಲ್ಯಾಟಿನ್ ಮತ್ತು ಇತಿಹಾಸ ಕಲಿಸುತ್ತಿದ್ದ ಜಾನ್ ವೆಸ್ಲಿ ವರ್ಕ್ ಹಾಡುಗಳನ್ನು ಸಂಗ್ರಹಿಸಿ, 1909ರಲ್ಲಿ ಧ್ವನಿಮುದ್ರಿಸಿ ಉಳಿಸಿದ. ಅಲ್ಲಿಯೇ ಓದಿದ ಡುಬೋಯ್ಸ್ 1903ರಲ್ಲಿ ತನ್ನ ಹೆಸರಾಂತ ಪುಸ್ತಕದ ಕೊನೆಯ ಅಧ್ಯಾಯವನ್ನು ಈ ಶೋಕಗೀತೆಗಳಿಗೇ ಮೀಸಲಿಟ್ಟ.

ಕಾಲೇಜನ್ನು ಉಳಿಸಿದ ಆ ಮೊದಲ ತಂಡದ ಯಾರಿಗೂ ಅಲ್ಲಿ ಓದು ಮುಗಿಸಿ ಪದವಿ ಪಡೆಯಲು ಆಗಲಿಲ್ಲ. ವರ್ಷಗಟ್ಟಲೆ ಊರೂರು ತಿರುಗಿ ಕೆಲವರ ಕಂಠ ಹೋಯಿತು, ಕೆಲವರ ಆರೋಗ್ಯ ಹೋಯಿತು. ಬೆಂಜಮಿನ್ ಹೋಮ್ಸ್ 1875ರಲ್ಲೇ ಕ್ಷಯದಿಂದ ತೀರಿಕೊಂಡ. ಆ ಹಾಡುಗಾರರಿಗೆ ಫಿಸ್ಕ್ ಮರಣಾನಂತರ ಗೌರವ ಪದವಿ ಕೊಟ್ಟದ್ದು 1978ರಲ್ಲಿ.

ತಂಡ ಇಂದಿಗೂ ಇದೆ. 2021ರಲ್ಲಿ ಅದಕ್ಕೆ ಗ್ರ್ಯಾಮಿ ಪ್ರಶಸ್ತಿ ಬಂತು. ವರ್ಷಕ್ಕೊಮ್ಮೆ, ಅಕ್ಟೋಬರ್ 6ರಂದು, ಈಗಿನ ವಿದ್ಯಾರ್ಥಿಗಳು ಮೊದಲ ಹಾಡುಗಾರರ ಸಮಾಧಿಗಳಿಗೆ ಹೋಗಿ ಹಾಡಿ ಬರುತ್ತಾರೆ. ಎಲ್ಲಾ ಶೆಪರ್ಡ್ ಮಲಗಿರುವುದು ನ್ಯಾಶ್‌ವಿಲ್ಲಿನ ಹಳೆಯ ಸಿಟಿ ಸಿಮೆಟ್ರಿಯಲ್ಲಿ. ಅಲ್ಲಿ ಅವರು ಬಯಲಲ್ಲಿ ನಿಂತು ಗಟ್ಟಿಯಾಗಿಯೇ ಹಾಡುತ್ತಾರೆ.