ಕಾರ್ಯಾಚರಣ ವ್ಯವಸ್ಥೆಯ ಉನ್ನತೀಕರಣದ ನಂತರ ವೈ-ಫೈ ಸ್ಥಗಿತಗೊಂಡಲ್ಲಿ ಅರ್ಜಿದಾರರು ಅನುಸರಿಸಬೇಕಾದ ಕ್ರಮಗಳು

ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10 ಆವೃತ್ತಿಗೆ ನೀಡುತ್ತಿದ್ದ ಸಾಮಾನ್ಯ ಬೆಂಬಲವು ದಿನಾಂಕ 14-10-2025ಕ್ಕೆ ಕೊನೆಗೊಂಡಿರುತ್ತದೆ. ತತ್ಪರಿಣಾಮವಾಗಿ ಅನೇಕರು ತಮ್ಮ ಗಣಕಯಂತ್ರಗಳನ್ನು ವಿಂಡೋಸ್ 11ಕ್ಕೆ ಉನ್ನತೀಕರಿಸಿಕೊಂಡಿದ್ದು, ಉನ್ನತೀಕರಣ ಮುಗಿದು ಯಂತ್ರವು ಮರಳಿ ಚಾಲನೆಗೊಂಡಾಗ ವೈ-ಫೈ ಚಿಹ್ನೆಯೇ ಕಾಣೆಯಾಗಿರುವ, ಅಥವಾ ಚಿಹ್ನೆಯಿದ್ದರೂ ಯಾವುದೇ ಜಾಲ ತೋರದಿರುವ ಸಂದರ್ಭಗಳುಂಟು. ಅಂತರ್ಜಾಲದ ಮೂಲಕ ಪ್ರಮಾಣಪತ್ರ, ವಿದ್ಯಾರ್ಥಿವೇತನ, ಪ್ರವೇಶ ಪರೀಕ್ಷೆ ಇತ್ಯಾದಿಗಳಿಗೆ ಅರ್ಜಿ ಸಲ್ಲಿಸುವವರಿಗೆ ಇದು ಕೇವಲ ಯಂತ್ರದ ತೊಂದರೆಯಲ್ಲ. ಕೊನೆಯ ದಿನಾಂಕ ತಪ್ಪಿಹೋಗುವ ತೊಂದರೆ. ಆದುದರಿಂದ ಈ ಮಾಹಿತಿಯನ್ನು ಸಾರ್ವಜನಿಕರ ಅವಗಾಹನೆಗಾಗಿ ಪ್ರಕಟಿಸಲಾಗಿದೆ.

ಮೊದಲು ಅರ್ಜಿ, ತದನಂತರ ದುರಸ್ತಿ

ಅರ್ಜಿಯ ಕೊನೆಯ ದಿನಾಂಕ ಸಮೀಪಿಸಿದ್ದಲ್ಲಿ ದುರಸ್ತಿಗೆ ಕೈಹಾಕುವ ಮುನ್ನ ಬೇರೊಂದು ಮಾರ್ಗದಿಂದ ಅರ್ಜಿಯನ್ನು ಸಲ್ಲಿಸಿ ಮುಗಿಸುವುದು ಸೂಕ್ತ. ಅರ್ಧ ತುಂಬಿ ಉಳಿಸಿದ ಕರಡು ಅರ್ಜಿಯು ಸ್ವೀಕೃತ ಅರ್ಜಿಯಲ್ಲ ಎಂಬುದನ್ನು ವಿಶೇಷವಾಗಿ ಗಮನಿಸುವುದು. ಸಕಾಲ ಎಂದು ಪ್ರಚಲಿತವಾಗಿರುವ 2011ರ ಅಧಿನಿಯಮದ ವ್ಯಾಪ್ತಿಗೆ ಬರುವ ಸೇವೆಗಳಲ್ಲಿ, ಅರ್ಜಿಯು ಸ್ವೀಕೃತವಾಗಿ 15 ಅಂಕಿಗಳ ಸ್ವೀಕೃತಿ ಸಂಖ್ಯೆ ದೊರೆತ ಮೇಲಷ್ಟೇ ನಿಗದಿತ ಕೆಲಸದ ದಿನಗಳ ಎಣಿಕೆ ಆರಂಭವಾಗುತ್ತದೆ. ವೈ-ಫೈ ಕೆಟ್ಟಿತ್ತೆಂಬ ಕಾರಣದಿಂದ ಆ ಎಣಿಕೆ ಹಿಂದಕ್ಕೆ ಹೋಗುವುದಿಲ್ಲ.

ಮನೆಯಲ್ಲಿಯೇ ಲಭ್ಯವಿರುವ ಸುಲಭ ಮಾರ್ಗವೆಂದರೆ ಮೊಬೈಲ್ ದೂರವಾಣಿಯನ್ನು ಯು.ಎಸ್.ಬಿ. ಕೇಬಲ್ ಮೂಲಕ ಗಣಕಯಂತ್ರಕ್ಕೆ ಜೋಡಿಸುವುದು. ಆಂಡ್ರಾಯ್ಡ್ ದೂರವಾಣಿಯ ಸೆಟ್ಟಿಂಗ್ಸ್‌ನಲ್ಲಿ ಹಾಟ್‌ಸ್ಪಾಟ್ ಮತ್ತು ಟೆದರಿಂಗ್ ವಿಭಾಗಕ್ಕೆ ಹೋಗಿ ಯು.ಎಸ್.ಬಿ. ಟೆದರಿಂಗ್ ಅನ್ನು ಚಾಲನೆಗೊಳಿಸಿದಲ್ಲಿ, ಗಣಕಯಂತ್ರವು ಅದನ್ನು ತಂತಿಯ ಜಾಲಸಂಪರ್ಕವೆಂದೇ ಪರಿಗಣಿಸುತ್ತದೆ. ಇದಕ್ಕೆ ವೈ-ಫೈ ಕಾರ್ಡಿನ ಅವಶ್ಯಕತೆಯೇ ಇರುವುದಿಲ್ಲ. ಕೆಲವು ಕೇಬಲ್‌ಗಳು ಚಾರ್ಜ್ ಮಾಡಲು ಮಾತ್ರ ಇರುವಂಥವು. ಅಂತಹ ಕೇಬಲ್‌ನಲ್ಲಿ ಟೆದರಿಂಗ್ ಆಯ್ಕೆ ಮಂಕಾಗಿಯೇ ಉಳಿಯುತ್ತದೆ, ಕೇಬಲ್ ಬದಲಿಸಿ ನೋಡುವುದು. ದೂರವಾಣಿಯು ಮನೆಯ ವೈ-ಫೈಗೆ ಸಂಪರ್ಕಗೊಂಡಿದ್ದರೆ, ಬಹುತೇಕ ಆಂಡ್ರಾಯ್ಡ್ ದೂರವಾಣಿಗಳು ಅದೇ ಸಂಪರ್ಕವನ್ನು ಕೇಬಲ್ ಮೂಲಕ ಗಣಕಯಂತ್ರಕ್ಕೆ ಒದಗಿಸುತ್ತವೆ. ಮೊಬೈಲ್ ಡೇಟಾ ಖರ್ಚಾಗುವುದಿಲ್ಲ. ಐಫೋನ್ ಹೊಂದಿರುವವರು ಗಣಕಯಂತ್ರದಲ್ಲಿ ಆ ಸಂಸ್ಥೆಯ ತಂತ್ರಾಂಶವನ್ನು ಮೊದಲೇ ಅಳವಡಿಸಿರಬೇಕಾಗುತ್ತದೆ.

ಮೊಬೈಲ್ ಡೇಟಾವನ್ನೇ ಬಳಸುವುದಾದರೆ ಒಂದು ಎಚ್ಚರಿಕೆ ಅಗತ್ಯ. ಹೊಸದಾಗಿ ಉನ್ನತೀಕರಣಗೊಂಡ ವಿಂಡೋಸ್, ಸಂಪರ್ಕ ಸಿಕ್ಕಿದ ಕೂಡಲೇ ನವೀಕರಣಗಳನ್ನು ಇಳಿಸಿಕೊಳ್ಳಲು ಆರಂಭಿಸಿ ದಿನದ ಡೇಟಾ ಮಿತಿಯನ್ನು ಅರ್ಜಿ ತುಂಬುವ ಮೊದಲೇ ಮುಗಿಸಬಲ್ಲದು. ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ಮತ್ತು ಇಂಟರ್ನೆಟ್ ವಿಭಾಗದಲ್ಲಿ ಈಥರ್‌ನೆಟ್ ಆಯ್ಕೆಮಾಡಿ, ಮೀಟರ್ಡ್ ಕನೆಕ್ಷನ್ ಎಂಬುದನ್ನು ಆನ್ ಮಾಡಿದಲ್ಲಿ ಇದು ಬಹುಮಟ್ಟಿಗೆ ತಪ್ಪುತ್ತದೆ. ಅರ್ಜಿ ಸಲ್ಲಿಕೆಯಾದ ನಂತರ ಅದನ್ನು ಆಫ್ ಮಾಡಲು ಮರೆಯಬಾರದು. ಅದು ಆನ್ ಇರುವವರೆಗೆ ವಿಂಡೋಸ್ ತಾನಾಗಿ ಚಾಲಕ ತಂತ್ರಾಂಶವನ್ನೂ ತರಿಸಿಕೊಳ್ಳದೇ ಇರಬಹುದು.

ಕೇಬಲ್ ಮಾರ್ಗವೂ ಸಾಧ್ಯವಾಗದಿದ್ದಲ್ಲಿ ಗ್ರಾಮ ಒನ್, ಕರ್ನಾಟಕ ಒನ್, ಬೆಂಗಳೂರು ಒನ್ ಕೇಂದ್ರಗಳ ಸೇವೆಯನ್ನು ಪಡೆಯಬಹುದು. ಖಾಸಗಿ ಸೈಬರ್ ಕೇಂದ್ರದಲ್ಲಿ ಅರ್ಜಿ ಸಲ್ಲಿಸಿದವರು ಹೊರಡುವ ಮುನ್ನ ಲಾಗೌಟ್ ಆಗಿ, ಡೌನ್‌ಲೋಡ್ಸ್ ಕಡತಕೋಶದಲ್ಲಿರುವ ತಮ್ಮ ಆಧಾರ್ ಹಾಗೂ ಇತರ ದಾಖಲೆಗಳ ಪ್ರತಿಗಳನ್ನು ಅಳಿಸಿ, ರೀಸೈಕಲ್ ಬಿನ್ ಅನ್ನೂ ಖಾಲಿ ಮಾಡತಕ್ಕದ್ದು.

ತೊಂದರೆಯ ಕಾರಣ

ವೈ-ಫೈ ಕಾರ್ಡ್ ಎಂಬುದು ಯಂತ್ರದೊಳಗಿನ ಒಂದು ಚಿಕ್ಕ ಬಿಡಿಭಾಗ. ಕಾರ್ಯಾಚರಣ ವ್ಯವಸ್ಥೆಯ ಆದೇಶಗಳನ್ನು ಆ ಬಿಡಿಭಾಗಕ್ಕೆ ತಿಳಿಯುವಂತೆ ತಲುಪಿಸುವ ತಂತ್ರಾಂಶಕ್ಕೆ ಡ್ರೈವರ್, ಅಂದರೆ ಚಾಲಕ ತಂತ್ರಾಂಶ ಎನ್ನುತ್ತಾರೆ. ಉನ್ನತೀಕರಣದ ವೇಳೆ ಹಳೆಯ ಚಾಲಕವು ಹೊಸ ವ್ಯವಸ್ಥೆಗೆ ಸರಿಯಾಗಿ ವರ್ಗವಾಗದಿದ್ದಲ್ಲಿ, ವರ್ಷಾಂತ್ಯದಲ್ಲಿ ಹೊಸ ಖಾತೆ ಪುಸ್ತಕ ತೆರೆದು ಆರಂಭಿಕ ಶಿಲ್ಕನ್ನೇ ಬರೆಯದೆ ಬಿಟ್ಟಂತಾಗುತ್ತದೆ: ಹಣ ಪೆಟ್ಟಿಗೆಯಲ್ಲಿಯೇ ಇದೆ, ಪುಸ್ತಕದಲ್ಲಿ ಮಾತ್ರ ಇಲ್ಲ. ಆದುದರಿಂದ ಕಾರ್ಡ್ ಸುಟ್ಟಿದೆಯೆಂದು ತೀರ್ಮಾನಿಸಿ ಹೊಸದನ್ನು ಕೊಳ್ಳಲು ಆತುರಪಡಬೇಕಾಗಿಲ್ಲ. ಉನ್ನತೀಕರಣದ ಹಿಂದಿನ ದಿನದವರೆಗೆ ಕೆಲಸ ಮಾಡುತ್ತಿದ್ದ ಕಾರ್ಡ್ ಅದೇ ದಿನ ಕೆಟ್ಟಿರುವ ಸಂಭವ ಕಡಿಮೆ.

ಇದು ಹೊಸ ಸಮಸ್ಯೆಯೂ ಅಲ್ಲ. 2015ರಲ್ಲಿ ವಿಂಡೋಸ್ 8.1ರಿಂದ ವಿಂಡೋಸ್ 10ಕ್ಕೆ ಬದಲಾದ ಕೆಲವು ಯಂತ್ರಗಳಲ್ಲಿ ನಿಸ್ತಂತು ಜಾಲಗಳು ಕಾಣದಾದವು. ಅದಕ್ಕೆ ಕಾರಣ ಕಾರ್ಡೂ ಅಲ್ಲ, ಅದರ ಚಾಲಕವೂ ಅಲ್ಲ, ಯಂತ್ರದಲ್ಲಿ ಮೊದಲಿನಿಂದ ಇದ್ದ ಹಳೆಯ ವಿ.ಪಿ.ಎನ್. ತಂತ್ರಾಂಶವೆಂದು ಮೈಕ್ರೋಸಾಫ್ಟ್ ತಿಳಿಸಿತ್ತು. 2023ರ ಡಿಸೆಂಬರ್‌ನಲ್ಲಿ ವಿಂಡೋಸ್ 11ರ ಒಂದು ನವೀಕರಣದಿಂದಾಗಿ ಕಾಲೇಜು, ಕಚೇರಿ ಹಾಗೂ ಸಾರ್ವಜನಿಕ ಸ್ಥಳಗಳ ಕೆಲವು ವೈ-ಫೈ ಜಾಲಗಳಿಗೆ ಸಂಪರ್ಕ ದೊರೆಯದಾಗಿ, ಮೈಕ್ರೋಸಾಫ್ಟ್ ಆ ದೋಷಯುಕ್ತ ಬದಲಾವಣೆಯನ್ನೇ ಹಿಂಪಡೆಯಿತು. ಮನೆಯ ಜಾಲಗಳಿಗೆ ಆಗ ಸಾಮಾನ್ಯವಾಗಿ ತೊಂದರೆಯಾಗಲಿಲ್ಲ. ಹೀಗಾಗಿ ಮನೆಯಲ್ಲಿ ಸಂಪರ್ಕವಿದ್ದು ಕಾಲೇಜಿನಲ್ಲಿ ಮಾತ್ರ ಇಲ್ಲವೆನ್ನುವವರು ಚಾಲಕವನ್ನು ಕಿತ್ತುಹಾಕುವ ಮೊದಲು ಅಲ್ಲಿನ ಜಾಲ ನಿರ್ವಾಹಕರನ್ನು ವಿಚಾರಿಸುವುದು ಒಳಿತು.

ಪ್ರಾಥಮಿಕ ಪರಿಶೀಲನೆ

ಏರೋಪ್ಲೇನ್ ಮೋಡ್ ಆನ್ ಆಗಿದೆಯೇ ಎಂದು ನೋಡುವುದು. ಕೆಲವು ಲ್ಯಾಪ್‌ಟಾಪ್‌ಗಳ ಪಕ್ಕದಲ್ಲಿ ವೈ-ಫೈಗೆಂದೇ ಚಿಕ್ಕ ಜಾರುಗುಂಡಿ ಇರುತ್ತದೆ, ಅದನ್ನೂ ನೋಡುವುದು. ತರುವಾಯ ಯಂತ್ರವನ್ನು ರೀಸ್ಟಾರ್ಟ್ ಮಾಡತಕ್ಕದ್ದು. ಶಟ್‌ಡೌನ್ ಮಾಡಿ ಮತ್ತೆ ಆರಂಭಿಸಿದರೂ ಅದೇ ಅಲ್ಲವೇ ಎಂದು ಕೇಳಬಹುದು, ಅಲ್ಲ. ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯ ಆನ್ ಇರುವಾಗ ಶಟ್‌ಡೌನ್ ಮಾಡಿದರೆ ವ್ಯವಸ್ಥೆಯ ಒಳಭಾಗದ ಸ್ಥಿತಿ ಡಿಸ್ಕ್‌ನಲ್ಲಿ ಉಳಿದು, ಮರುದಿನ ಹಾಗೆಯೇ ಎದ್ದುಬರುತ್ತದೆ, ದೋಷವೂ ಜೊತೆಗೇ. ರೀಸ್ಟಾರ್ಟ್ ಮಾತ್ರ ಎಲ್ಲವನ್ನೂ ಹೊಸದಾಗಿ ಆರಂಭಿಸುತ್ತದೆ.

ಅದರಿಂದಲೂ ಪ್ರಯೋಜನವಾಗದಿದ್ದಲ್ಲಿ ಯಂತ್ರವನ್ನು ಪೂರ್ಣವಾಗಿ ಆರಿಸಿ, ಚಾರ್ಜರ್ ತೆಗೆದು, ಬ್ಯಾಟರಿ ತೆಗೆಯುವಂತಿದ್ದರೆ ಅದನ್ನೂ ತೆಗೆದು, ಪವರ್ ಗುಂಡಿಯನ್ನು ಸುಮಾರು 30 ಸೆಕೆಂಡು ಒತ್ತಿ ಹಿಡಿದು, ನಂತರ ಎಂದಿನಂತೆ ಆರಂಭಿಸುವುದು. ಕಾರ್ಡಿನಲ್ಲಿ ಉಳಿದಿದ್ದ ವಿದ್ಯುತ್ ಹೊರಹೋಗಿ ಅದು ಹೊಸದಾಗಿ ಎಚ್ಚರಗೊಳ್ಳುತ್ತದೆ. ಇಷ್ಟು ಸರಳವಾದ ಕ್ರಮದಿಂದ ಸರಿಹೋಗುವ ಪ್ರಕರಣಗಳು ಸಾಕಷ್ಟಿವೆ.

ಸಂಕೇತ ಸಂಖ್ಯೆಯನ್ನು ಓದುವ ಬಗೆ

ಮೇಲ್ಕಂಡ ಕ್ರಮಗಳಿಂದ ಪರಿಹಾರ ದೊರೆಯದಿದ್ದಲ್ಲಿ ಸ್ಟಾರ್ಟ್ ಗುಂಡಿಯ ಮೇಲೆ ಬಲ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆದು, ನೆಟ್‌ವರ್ಕ್ ಅಡಾಪ್ಟರ್ಸ್ ಸಾಲನ್ನು ನೋಡುವುದು. ವೈರ್‌ಲೆಸ್ ಅಥವಾ ವೈ-ಫೈ ಎಂಬ ಹೆಸರಿನ ಕಾರ್ಡ್ ಅಲ್ಲಿದ್ದರೆ ಅದರ ಮೇಲೆ ಎರಡು ಬಾರಿ ಕ್ಲಿಕ್ ಮಾಡಿದಾಗ ತೆರೆಯುವ ಚೌಕದಲ್ಲಿ ಒಂದು ಕೋಡ್ ಸಂಖ್ಯೆ ಇರುತ್ತದೆ. ಅದನ್ನು ಓದದೆ ಮುಂದುವರಿಯುವುದು ಸರಿಯಲ್ಲ.

ಕೋಡ್ 22 ಎಂದಿದ್ದರೆ ಕಾರ್ಡನ್ನು ನಿಷ್ಕ್ರಿಯಗೊಳಿಸಲಾಗಿದೆ ಎಂದರ್ಥ. ಬಲ ಕ್ಲಿಕ್ ಮಾಡಿ ಎನೇಬಲ್ ಎಂದರೆ ಮುಗಿಯಿತು. ಕೋಡ್ 28 ಎಂದಿದ್ದರೆ ಚಾಲಕವೇ ಇಲ್ಲ. ಕೋಡ್ 10 ಎಂದರೆ ಕಾರ್ಡ್ ಆರಂಭಗೊಳ್ಳಲಾರದು. ಇದಕ್ಕೆ ಬಹುಪಾಲು ಚಾಲಕದ ಹೊಂದಾಣಿಕೆಯ ಕೊರತೆ ಕಾರಣ. ಕೋಡ್ 52 ಎಂದಿದ್ದರೆ ಚಾಲಕದ ಡಿಜಿಟಲ್ ಸಹಿಯನ್ನು ವಿಂಡೋಸ್ ದೃಢೀಕರಿಸಲಾಗಿಲ್ಲ. ಸಹಿಯಿಲ್ಲದ ಚಾಲಕವನ್ನು ಬಲವಂತದಿಂದ ಅಳವಡಿಸದೆ ತಯಾರಕರ ಹೊಸ ಆವೃತ್ತಿಯನ್ನು ಹುಡುಕುವುದು. ಕೋಡ್ 43 ಎಂದರೆ ಕಾರ್ಡ್ ತಾನೇ ದೋಷವನ್ನು ವರದಿ ಮಾಡಿದೆ. ಇನ್ನು ಪಟ್ಟಿಯಲ್ಲಿ ಕಾರ್ಡ್ ಕಾಣದೇ ಇದ್ದರೆ ವ್ಯೂ ಪಟ್ಟಿಯಿಂದ ಶೋ ಹಿಡನ್ ಡಿವೈಸಸ್ ಆಯ್ಕೆಮಾಡಿ. ಮಂಕಾದ ಅಕ್ಷರಗಳಲ್ಲಿ ಕೋಡ್ 45ರೊಂದಿಗೆ ಕಂಡರೆ ಯಂತ್ರಕ್ಕೆ ಕಾರ್ಡ್ ಈಗ ಗೋಚರಿಸುತ್ತಿಲ್ಲ ಎಂದು ತಿಳಿಯುವುದು. ಅದರ್ ಡಿವೈಸಸ್ ಶೀರ್ಷಿಕೆಯಡಿ ನೆಟ್‌ವರ್ಕ್ ಕಂಟ್ರೋಲರ್ ಎಂದು ಹಳದಿ ಚಿಹ್ನೆಯೊಂದಿಗೆ ಇದ್ದರೆ ಕಾರ್ಡ್ ಇದೆ, ಚಾಲಕ ಮಾತ್ರ ಬೇಕಾಗಿದೆ.

ಚಾಲಕವನ್ನು ಹಿಂದಿರುಗಿಸುವುದು ಅಥವಾ ಹೊಸದಾಗಿ ಅಳವಡಿಸುವುದು

ಕಾರ್ಡಿನ ಪ್ರಾಪರ್ಟೀಸ್‌ನ ಡ್ರೈವರ್ ಪುಟದಲ್ಲಿ ರೋಲ್ ಬ್ಯಾಕ್ ಡ್ರೈವರ್ ಗುಂಡಿ ಒತ್ತುವಂತಿದ್ದರೆ ಅದನ್ನೇ ಮೊದಲು ಬಳಸುವುದು. ಗುಂಡಿ ಮಂಕಾಗಿದ್ದರೆ ಹಿಂದಿನ ಚಾಲಕದ ಪ್ರತಿ ಯಂತ್ರದಲ್ಲಿಲ್ಲ. ಆಗ ಅನ್‌ಇನ್‌ಸ್ಟಾಲ್ ಡಿವೈಸ್ ಎಂದು ಮಾಡಿ ಯಂತ್ರವನ್ನು ರೀಸ್ಟಾರ್ಟ್ ಮಾಡಿದಲ್ಲಿ ವಿಂಡೋಸ್ ಕಾರ್ಡನ್ನು ಮತ್ತೆ ಗುರುತಿಸಲು ಯತ್ನಿಸುತ್ತದೆ. ಈ ಹಂತದಲ್ಲಿ ಚಾಲಕವನ್ನೂ ಅಳಿಸುವ ಚೌಕಕ್ಕೆ ಗುರುತು ಹಾಕಬಾರದು. ಬೇರೆ ಪ್ರತಿ ಕೈಯಲ್ಲಿಲ್ಲದಿರುವಾಗ ಇರುವ ಒಂದನ್ನೂ ಕಳೆದುಕೊಂಡಂತಾಗುತ್ತದೆ.

ಮುಂದಿನ ಹಂತಕ್ಕೆ ದೂರವಾಣಿಯ ಕೇಬಲ್ ಸಂಪರ್ಕ ಮತ್ತೆ ನೆರವಾಗುತ್ತದೆ. ವಿಂಡೋಸ್ ಅಪ್‌ಡೇಟ್‌ನ ಅಡ್ವಾನ್ಸ್ಡ್ ಆಪ್ಷನ್ಸ್ ಒಳಗಿರುವ ಆಪ್ಷನಲ್ ಅಪ್‌ಡೇಟ್ಸ್‌ನಲ್ಲಿ ಚಾಲಕಗಳ ಪಟ್ಟಿಯಿದ್ದು, ವೈ-ಫೈ ಚಾಲಕ ಅಲ್ಲಿ ಕಾದಿರುವ ಸಾಧ್ಯತೆಯಿದೆ. ಇಲ್ಲದಿದ್ದಲ್ಲಿ ಲ್ಯಾಪ್‌ಟಾಪ್ ತಯಾರಿಸಿದ ಸಂಸ್ಥೆಯ ಜಾಲತಾಣದಲ್ಲಿ ಯಂತ್ರದ ಮಾದರಿ ಅಥವಾ ಕ್ರಮಸಂಖ್ಯೆಯನ್ನು ನಮೂದಿಸಿ ಚಾಲಕವನ್ನು ಪಡೆಯತಕ್ಕದ್ದು. ವಿಂಡೋಸ್ 11ಕ್ಕೆಂದು ಪ್ರತ್ಯೇಕ ಚಾಲಕ ಇಲ್ಲದಿದ್ದರೆ ವಿಂಡೋಸ್ 10ರ 64 ಬಿಟ್ ಚಾಲಕವು ಸಾಮಾನ್ಯವಾಗಿ ಹೊಂದಿಕೊಳ್ಳುತ್ತದೆ. 32 ಬಿಟ್ ಚಾಲಕ ಮಾತ್ರ ಹೊಂದದು, ಏಕೆಂದರೆ ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲ.

ಕಾರ್ಡ್ ಯಾವ ಸಂಸ್ಥೆಯದೆಂದು ತಿಳಿಯದಿದ್ದಾಗ ಪ್ರಾಪರ್ಟೀಸ್‌ನ ಡೀಟೇಲ್ಸ್ ಪುಟದಲ್ಲಿ ಹಾರ್ಡ್‌ವೇರ್ ಐಡೀಸ್ ಆಯ್ಕೆಮಾಡಿ, ವಿ.ಇ.ಎನ್. ಎಂಬ ಅಕ್ಷರಗಳ ಮುಂದಿರುವ ನಾಲ್ಕು ಅಂಕಾಕ್ಷರಗಳನ್ನು ನೋಡುವುದು. 8086 ಎಂದಿದ್ದರೆ ಇಂಟೆಲ್, 10ಇಸಿ ಎಂದಿದ್ದರೆ ರಿಯಲ್‌ಟೆಕ್, 14ಇ4 ಬ್ರಾಡ್‌ಕಾಮ್, 168ಸಿ ಕ್ವಾಲ್‌ಕಾಮ್ ಅಥೆರೋಸ್, 14ಸಿ3 ಮೀಡಿಯಾಟೆಕ್.

ಚಾಲಕ ಸರಿಯಾಗಿದ್ದೂ ಅದನ್ನು ಲೋಡ್ ಮಾಡಲಾಗುತ್ತಿಲ್ಲವೆಂಬ ಸೂಚನೆ ಬಂದರೆ, ಮೆಮೊರಿ ಇಂಟೆಗ್ರಿಟಿ ಎಂಬ ರಕ್ಷಣಾ ವ್ಯವಸ್ಥೆ ಅದನ್ನು ತಡೆದಿರಬಹುದು. ಇದನ್ನು ಆಫ್ ಮಾಡಿದರೆ ವೈ-ಫೈ ಬರುತ್ತದೆಂದು ಹಲವರು ಸಲಹೆ ನೀಡುತ್ತಾರೆ. ಬ್ಯಾಂಕ್ ವ್ಯವಹಾರವನ್ನೂ ಆಧಾರ್ ದಾಖಲೆಗಳನ್ನೂ ಇರಿಸಿಕೊಂಡ ಯಂತ್ರದಲ್ಲಿ ಹಾಗೆ ಮಾಡುವುದಕ್ಕಿಂತ ಹೊಸ ಚಾಲಕವನ್ನು ಹುಡುಕುವುದೇ ಉಚಿತ.

ನೆಟ್‌ವರ್ಕ್ ರೀಸೆಟ್ ಎಂಬ ಆಯ್ಕೆಯನ್ನು ಕೊನೆಯ ಅಸ್ತ್ರವಾಗಿ ಇಟ್ಟುಕೊಳ್ಳುವುದು. ಅದು ಉಳಿಸಿದ್ದ ಎಲ್ಲ ವೈ-ಫೈ ಗುಪ್ತಪದಗಳನ್ನು ಮರೆತುಬಿಡುತ್ತದೆ. ಮನೆಯ ರೂಟರಿನ ಗುಪ್ತಪದವನ್ನು ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಂಡಿರಬೇಕು.

ಹತ್ತು ದಿನಗಳ ಅವಧಿ

ಯಾವ ಕ್ರಮದಿಂದಲೂ ಸರಿಹೋಗದಿದ್ದಲ್ಲಿ ಹಳೆಯ ಆವೃತ್ತಿಗೆ ಮರಳುವ ಅವಕಾಶವಿದೆ. ಸೆಟ್ಟಿಂಗ್ಸ್, ಸಿಸ್ಟಂ, ರಿಕವರಿ ಎಂಬ ಕ್ರಮದಲ್ಲಿ ಹೋದರೆ ಗೋ ಬ್ಯಾಕ್ ಗುಂಡಿ ಇರುತ್ತದೆ. ಈ ಅವಕಾಶವು ಸಾಮಾನ್ಯವಾಗಿ ಉನ್ನತೀಕರಣವಾದ 10 ದಿನಗಳವರೆಗೆ ಮಾತ್ರ. ಡಿಸ್ಕ್‌ನಲ್ಲಿ ಜಾಗ ಉಳಿಸಲೆಂದು ವಿಂಡೋಸ್ ಡಾಟ್ ಓಲ್ಡ್ ಎಂಬ ಕಡತಕೋಶವನ್ನು ಅಳಿಸಿದವರಿಗೆ 10 ದಿನಗಳೂ ಇಲ್ಲ. ಮರಳಿದಾಗ ಉನ್ನತೀಕರಣದ ನಂತರ ಅಳವಡಿಸಿದ ತಂತ್ರಾಂಶಗಳು ಹೋಗುತ್ತವೆ. ಸ್ವಂತ ಕಡತಗಳು ಉಳಿಯುತ್ತವೆಯಾದರೂ ಅವುಗಳ ಪ್ರತಿಯನ್ನು ಪೆನ್ ಡ್ರೈವ್‌ನಲ್ಲಿ ತೆಗೆದಿರಿಸುವುದು. ಹೀಗೆ ಮರಳುವುದನ್ನು ತಾತ್ಕಾಲಿಕ ವ್ಯವಸ್ಥೆಯೆಂದೇ ಭಾವಿಸತಕ್ಕದ್ದು, ಏಕೆಂದರೆ ಮೇಲೆ ತಿಳಿಸಿದಂತೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಿದೆ.

ಉಬುಂಟು ಬಳಕೆದಾರರಿಗೆ

ಉಬುಂಟು ಉನ್ನತೀಕರಣದ ನಂತರ ಇಂಟೆಲ್ ಕಾರ್ಡ್‌ಗಳು ಸಾಮಾನ್ಯವಾಗಿ ತಾವಾಗಿಯೇ ಕೆಲಸ ಮಾಡುತ್ತವೆ. ಕೆಲವು ಬ್ರಾಡ್‌ಕಾಮ್ ಕಾರ್ಡ್‌ಗಳಿಗೆ ಪ್ರತ್ಯೇಕ ಚಾಲಕ ಬೇಕಿದ್ದು, ಅದು ಪ್ರತಿ ಹೊಸ ಕರ್ನೆಲ್‌ಗೂ ಮರುನಿರ್ಮಾಣಗೊಳ್ಳಬೇಕಾಗುತ್ತದೆ. ಕೇಬಲ್ ಸಂಪರ್ಕದೊಂದಿಗೆ ಅಡಿಷನಲ್ ಡ್ರೈವರ್ಸ್ ತೆರೆದು ಅದನ್ನು ಆಯ್ಕೆಮಾಡುವುದು. ಸೆಕ್ಯೂರ್ ಬೂಟ್ ಆನ್ ಇರುವ ಯಂತ್ರದಲ್ಲಿ ಆ ವೇಳೆ ಒಂದು ಗುಪ್ತಪದವನ್ನು ಕೇಳಿ, ಮುಂದಿನ ಆರಂಭದಲ್ಲಿ ನೀಲಿ ಪರದೆ ತೋರುತ್ತದೆ. ಅದನ್ನು ದೋಷವೆಂದು ಭಾವಿಸಿ ಕಂಟಿನ್ಯೂ ಬೂಟ್ ಒತ್ತಿದರೆ ಚಾಲಕ ಚಾಲನೆಗೊಳ್ಳದು, ಎನ್‌ರೋಲ್ ಎಂ.ಓ.ಕೆ. ಆರಿಸಿ ಅದೇ ಗುಪ್ತಪದವನ್ನು ನೀಡಬೇಕು.

ಎಚ್ಚರಿಕೆ

ಚಾಲಕ ಹುಡುಕುವವರ ಮುಂದೆ ಮೊದಲು ಬರುವುದು ಯಂತ್ರವನ್ನು ಉಚಿತವಾಗಿ ತಪಾಸಿಸುತ್ತೇವೆಂದು ಹೇಳಿ ಬಳಿಕ ಹಣ ಕೇಳುವ ತಾಣಗಳು. ಕೆಲವರು ಸಹಾಯವಾಣಿಯ ಹೆಸರಿನಲ್ಲಿ ಕರೆಮಾಡಿಸಿಕೊಂಡು ಯಂತ್ರವನ್ನು ದೂರದಿಂದ ನಿಯಂತ್ರಿಸುವ ತಂತ್ರಾಂಶವನ್ನು ಹಾಕಿಸುತ್ತಾರೆ. ಒ.ಟಿ.ಪಿ., ಬ್ಯಾಂಕ್ ವಿವರ ಹಾಗೂ ಆಧಾರ್ ಸಂಖ್ಯೆಯನ್ನು ಇಂತಹವರಿಗೆ ಯಾವುದೇ ಕಾರಣಕ್ಕೂ ನೀಡತಕ್ಕದ್ದಲ್ಲ. ಹಣ ಕಳೆದುಕೊಂಡವರು ವಿಳಂಬ ಮಾಡದೆ 1930 ಸಂಖ್ಯೆಗೆ ಕರೆಮಾಡಿ ದೂರು ದಾಖಲಿಸುವುದು.

ಯಂತ್ರವನ್ನು ದುರಸ್ತಿ ಅಂಗಡಿಗೆ ಒಯ್ಯುವವರು ಅದರ ಮಾದರಿ, ಕಾರ್ಡಿನ ಹಾರ್ಡ್‌ವೇರ್ ಐಡಿ, ಕಂಡ ಕೋಡ್ ಸಂಖ್ಯೆ ಮತ್ತು ಉನ್ನತೀಕರಣದ ದಿನಾಂಕವನ್ನು ಒಂದು ಚೀಟಿಯಲ್ಲಿ ಬರೆದು ಕೊಡುವುದು. ಕೋಡ್ 28 ಎಂದು ಬರೆದ ಚೀಟಿ ಕೈಯಲ್ಲಿದ್ದರೆ, ಚಾಲಕವನ್ನು ಪ್ರಯತ್ನಿಸಿ ನೋಡದೆ ಕಾರ್ಡನ್ನೇ ಬದಲಿಸಬೇಕೆಂಬ ಮಾತಿಗೆ ಒಪ್ಪಬೇಕಾಗಿಲ್ಲ.