1865ರ ಮುಂಬಯಿ ಕುಸಿತ ಮತ್ತು ಸಣ್ಣ ವಣಿಕರು

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಗಿ ಲ್ಯಾಂಕಷೈರಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ಬರುವುದು ನಿಂತಾಗ, ಗಿರಣಿಯ ಒಡೆಯರ ದೃಷ್ಟಿ ಮುಂಬಯಿಯತ್ತ ತಿರುಗಿತು. ಗುಜರಾತ, ಖಾನದೇಶಗಳ ಅರಳೆಯಂತೆಯೇ ಧಾರವಾಡ ಜಿಲ್ಲೆಯ ಹುಬ್ಬಳ್ಳಿ, ಗದಗ, ನವಲಗುಂದಗಳ ಅರಳೆಗೂ ಬೇಡಿಕೆ ಬಂದಿತು. ಅದು ಎತ್ತಿನ ಬಂಡಿಗಳಲ್ಲಿ ಘಟ್ಟ ಇಳಿದು ಕುಮಟೆಯ ಬಂದರನ್ನು ಸೇರಿ ಅಲ್ಲಿಂದ ಮುಂಬಯಿಗೆ ಹೋಗುತ್ತಿತ್ತು. ಬೆಲೆ ಕೆಲವೇ ವರ್ಷಗಳಲ್ಲಿ ಹಲವು ಪಟ್ಟು ಏರಿತು.

ಬೆಲೆಯೊಡನೆ ಲೋಭವೂ ಏರಿತು. ಅರಳೆಯಲ್ಲಿ ಬೀಜ, ಮಣ್ಣು, ಕೀಳು ತಳಿಯ ಹತ್ತಿಯನ್ನು ಬೆರೆಸಿ ತೂಕ ಹೆಚ್ಚಿಸುವ ಚಾಳಿ ಎಷ್ಟು ಬೆಳೆಯಿತೆಂದರೆ, ಹತ್ತಿಯ ಮೋಸವನ್ನು ತಡೆಯಲೆಂದೇ 1863ರಲ್ಲಿ ಮುಂಬಯಿ ಸರ್ಕಾರ ಕಾಯಿದೆ ಮಾಡಬೇಕಾಯಿತು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವೆಂದು ಎಣಿಸಿರುವುದು ಇಂಥದನ್ನೇ.

ಮುಂಬಯಿಯಲ್ಲಿ ಹೊಸ ಹಣ ಷೇರುಗಳತ್ತ ನುಗ್ಗಿತು. ಸಮುದ್ರವನ್ನು ತುಂಬಿಸಿ ನೆಲ ಮಾಡಲು ಹೊರಟ ಬ್ಯಾಕ್ ಬೇ ಕಂಪನಿಯ 5,000 ರೂಪಾಯಿಯ ಷೇರು ಸುಮಾರು ಹತ್ತು ಪಟ್ಟು ಬೆಲೆಗೆ ಮಾರಾಟವಾಯಿತು. ಈ ಎಲ್ಲದರ ಕೇಂದ್ರದಲ್ಲಿದ್ದವರು ಸೂರತಿನ ಜೈನ ಮನೆತನದ ಪ್ರೇಮಚಂದ ರಾಯಚಂದರು. ಮುಂಬಯಿ ವಿಶ್ವವಿದ್ಯಾಲಯಕ್ಕೆ ಅವರು ಕೊಟ್ಟ ದಾನವೂ ತಾಯಿಯ ಹೆಸರಿನ ರಾಜಾಬಾಯಿ ಗೋಪುರವೂ ಪ್ರಸಿದ್ಧ. ಆದರೆ ದಾನವನ್ನು ಮಾತ್ರ ನೆನೆದು ಈ ಅಧ್ಯಾಯವನ್ನು ಮರೆಯುವುದು ಇತಿಹಾಸಕ್ಕೆ ನ್ಯಾಯವಲ್ಲ. ಬ್ಯಾಂಕ್ ಆಫ್ ಬಾಂಬೆಯ ಹಣ ಷೇರುಗಳ ಆಧಾರದ ಮೇಲೆ ಸಾಲವಾಗಿ ಹೋದದ್ದರಲ್ಲಿ ಅವರ ಪ್ರಭಾವ ದೊಡ್ಡದಿತ್ತು.

1865ರ ಏಪ್ರಿಲಿನಲ್ಲಿ ಅಮೆರಿಕದ ಯುದ್ಧ ಮುಗಿಯುತ್ತ ಬಂದಿತು; ಹತ್ತಿಯ ಬೆಲೆ ಕುಸಿಯಿತು. ವಾಯಿದೆಯ ವ್ಯವಹಾರಗಳು ತೀರಬೇಕಿದ್ದ ಜುಲೈ 1ರಂದು ಹಣ ಕೊಡಬಲ್ಲವರೇ ವಿರಳರಾಗಿದ್ದರು. ಮರುವರ್ಷದ ಮೇ ತಿಂಗಳಲ್ಲಿ ಲಂಡನ್ನಿನ ಓವರೆಂಡ್ ಗರ್ನಿ ಸಂಸ್ಥೆ ಮುರಿದುಬಿದ್ದು ಸಾಲ ಸಿಗುವ ದಾರಿ ಇನ್ನಷ್ಟು ಕಿರಿದಾಯಿತು. 1868ರ ವೇಳೆಗೆ ಬ್ಯಾಂಕ್ ಆಫ್ ಬಾಂಬೆಯನ್ನೇ ಮುಚ್ಚಬೇಕಾಯಿತು.

ನಗರದ ದಿವಾಳಿಗಾರರು ಸಾಲಗಾರರೊಡನೆ ಒಪ್ಪಂದ ಮಾಡಿಕೊಂಡು ಬಿಡುಗಡೆ ಹೊಂದಲೆಂದು 1865ರಲ್ಲಿಯೇ ವಿಶೇಷ ಕಾಯಿದೆ ಬಂದಿತು. ಪೇಟೆಯ ಸಣ್ಣ ಅಂಗಡಿಕಾರನ ಪಾಡು ಬೇರೆ. ಅವನು ಬೆಳೆಯ ಮೇಲೆ ಒಕ್ಕಲಿಗನಿಗೆ ಮುಂಗಡ ಕೊಟ್ಟು, ಅರಳೆಯನ್ನು ದೊಡ್ಡ ವ್ಯಾಪಾರಿಗೆ ಕಳುಹಿಸಿ, ಬದಲಿಗೆ ಮುದ್ದತಿ ಹುಂಡಿ ಪಡೆಯುತ್ತಿದ್ದನು. ಮುಂಬಯಿಯ ಮನೆ ಮುರಿದರೆ ಹುಂಡಿ ಸಲ್ಲದೆ ಹಿಂದಿರುಗುತ್ತದೆ. ಏರಿದ ಬೆಲೆಗೆ ಕೊಂಡ ಸರಕು ಕೋಣೆಯಲ್ಲಿ ಉಳಿಯುತ್ತದೆ. ಒಕ್ಕಲಿಗನ ಕೈಯಲ್ಲಿ ಮುಂಗಡ ತೀರಿಸುವ ಹಣವಿಲ್ಲ. ಷೇರಿನ ಹೆಸರನ್ನೇ ಕೇಳದವನ ಕಿರ್ದಿಯೂ ಹೀಗೆ ಬರಿದಾಯಿತು. ಅವನಿಗಿದ್ದ ಆಸ್ತಿ ಪೇಟೆಯ ನಂಬಿಕೆಯೊಂದೇ. ಒಂದು ಹುಂಡಿ ಹಿಂದಿರುಗಿದ ಸುದ್ದಿ ಹರಡಿದರೆ ಅದೂ ಉಳಿಯುತ್ತಿರಲಿಲ್ಲ.

ಇಂಥವನ ಮುಂದೆ ಎರಡು ದಾರಿಗಳಿದ್ದವು: ನಷ್ಟವನ್ನು ತಾನೂ ಹಂಚಿಕೊಂಡು ಒಕ್ಕಲಿಗನಿಗೆ ಕಾಲಾವಕಾಶ ಕೊಡುವುದು, ಇಲ್ಲವೆ ಹಳೆಯ ಸಾಲಕ್ಕೆ ಬಡ್ಡಿ ಸೇರಿಸಿ ಹೊಸ ಪತ್ರ ಬರೆಯಿಸಿಕೊಳ್ಳುವುದು. ಎರಡನೆಯ ದಾರಿ ಎಲ್ಲಿಗೆ ಮುಟ್ಟಿತೆಂಬುದು ಹತ್ತು ವರ್ಷಗಳ ಬಳಿಕ ಪುಣೆ, ಅಹಮದನಗರ ಜಿಲ್ಲೆಗಳಲ್ಲಿ ಕಂಡಿತು. ಏರಿದ ಕಂದಾಯವೂ ಅಲ್ಲಿ ಒಕ್ಕಲಿಗರನ್ನು ಬಾಧಿಸಿತ್ತು. 1875ರ ಮೇ 12ರಂದು ಸುಪೆಯ ಪೇಟೆಯಲ್ಲಿ ಆರಂಭವಾದ ದಂಗೆಯಲ್ಲಿ ಅವರು ಮಾರವಾಡಿ, ಗುಜರಾತಿ ಸಾಹುಕಾರರ ಅಂಗಡಿಗಳಿಗೆ ನುಗ್ಗಿದರು. ಬಳಿಕ ಹಬ್ಬಿದ ಊರುಗಳಲ್ಲಿ ಜನರ ಮೇಲೆ ಕೈಮಾಡಿದ್ದು ಕಡಿಮೆ. ಅವರು ಹುಡುಕಿ ಸುಟ್ಟದ್ದು ಸಾಲಪತ್ರಗಳನ್ನು. 1879ರ ದಖ್ಖನ್ ಕೃಷಿಕರ ಪರಿಹಾರ ಕಾಯಿದೆ, ಸಾಲಪತ್ರವನ್ನು ಗ್ರಾಮದ ನೋಂದಣಿ ಅಧಿಕಾರಿಯ ಮುಂದೆ ಬರೆಯಿಸಬೇಕೆಂದೂ ಕೊಟ್ಟ ಹಣಕ್ಕೆ ರಶೀದಿ ಕೊಡಬೇಕೆಂದೂ ಸಾಹುಕಾರರನ್ನು ಕಟ್ಟಿಹಾಕಿತು.