ಎರವಲು

‘ಎರೆ’ ಎಂದರೆ ಬೇಡು. ಅದರಿಂದ ಎರವು, ಎರವಲು. ಮಲಯಾಳದ ‘ಇರವಲ್’ ಇದರ ಒಡಹುಟ್ಟು. ಸಾಲದ ದುಡ್ಡಿಗೆ ಅಷ್ಟೇ ಮೊತ್ತದ ಬೇರೆ ನೋಟು ಕೊಟ್ಟರೆ ಸಾಕು. ಎರವಲನ್ನು ಮಾತ್ರ ಕೇಳಿಯೇ ತರಬೇಕು, ತಂದದ್ದನ್ನೇ ಕೆಡದಂತೆ ಮರಳಿಸಬೇಕು. ರಾಜಕೀಯ ಸಿನಿಮಾದವರು ಪರರ ಕೃತಿಯಿಂದ ಪಡೆಯುವುದಕ್ಕೆ ಈ ಪದವೇ ತಕ್ಕದ್ದು. ಒಂದೇ ಘಟನೆ ಹಲವರಿಗೆ ವಸ್ತುವಾಗುವುದುಂಟು: ಕಾಸರಗೋಡು ಜಿಲ್ಲೆಯ ಕಯ್ಯೂರಿನ 1941ರ ರೈತ ಹೋರಾಟ, ಅದಕ್ಕಾಗಿ 1943ರಲ್ಲಿ ನಾಲ್ವರಿಗಾದ ಗಲ್ಲು ನಿರಂಜನರ ‘ಚಿರಸ್ಮರಣೆ’ ಕಾದಂಬರಿಗೂ ವಸ್ತು, ಲೆನಿನ್ ರಾಜೇಂದ್ರನ್ ಅವರ ಮಲಯಾಳ ಚಿತ್ರ ‘ಮೀನಮಾಸತ್ತಿಲೆ ಸೂರ್ಯನ್’ಗೂ ವಸ್ತು. ಹುತಾತ್ಮರ ಕಥೆಗೆ ಒಡೆಯರಿಲ್ಲ, ಯಾರನ್ನು ಕೇಳುವುದು ಎನ್ನಬಹುದು. ಘಟನೆಗೆ ಒಡೆಯರಿಲ್ಲ, ನಿಜ. ಅದರ ಮೇಲೆ ಎಷ್ಟು ಕೃತಿಗಳಾದರೂ ಬರಲಿ. ಆದರೆ ಕಾದಂಬರಿಕಾರ ಕಟ್ಟಿದ ಪಾತ್ರ, ಹಾಡುಗಾರ ಹಾಕಿದ ಮಟ್ಟು ಘಟನೆಯಲ್ಲ, ದುಡಿಮೆ. ದುಡಿಯುವವರ ಪರ ನಿಲ್ಲುವ ಚಿತ್ರಕ್ಕೆ ಇವನ್ನು ಬಳಸುವಾಗ ಮೊದಲೇ ಒಪ್ಪಿಗೆಯೂ ಬೇಕು, ಪರದೆಯ ಮೇಲೆ ಹೆಸರೂ ಬೇಕು.